ಪೀಠವಿಲ್ಲದ ಧರ್ಮಾಧ್ಯಕ್ಷ

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನನಗೆ ಒಂದು ಇಂಗ್ಲಿಷ್ ಬೈಬಲ್ ಸಿಕ್ಕಿತು. ರಟ್ಟು ಸಡಿಲವಾಗಿತ್ತು, ಕೊನೆಯ ಹಾಳೆಗಳಿಗೆ ಹುಳು ಹಿಡಿದಿತ್ತು, ಬೆಲೆ ಮಾತ್ರ ನನ್ನ ಜೇಬಿಗೆ ಎಟುಕುವಂತಿತ್ತು. ಇದು ಡುವೆ ಆವೃತ್ತಿಯೆಂದೂ ಬಿಷಪ್ ಚಾಲೊನರ್ ಅವರು ಪರಿಷ್ಕರಿಸಿದ್ದೆಂದೂ ಒಳಪುಟದಲ್ಲಿ ಅಚ್ಚಾಗಿತ್ತು. ಇಪ್ಪತ್ತು ವರ್ಷಗಳಿಂದ ಬೇರೆಯವರ ಬರಹದ ಕರಡು ತಿದ್ದಿಯೇ ಹೊಟ್ಟೆ ಹೊರೆದುಕೊಂಡಿರುವ ನನಗೆ ಬರೆದವರ ಹೆಸರಿಗಿಂತ ತಿದ್ದಿದವರ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ. ನಾನು ಕಥೋಲಿಕನಲ್ಲ; ಆದರೂ ಒಬ್ಬ ಧರ್ಮಾಧ್ಯಕ್ಷರು ಬೈಬಲಿನ ಕರಡು ತಿದ್ದಲು ಏಕೆ ಕುಳಿತರು ಎಂಬ ಕುತೂಹಲ ಹತ್ತಿ, ಅಲ್ಲಿಂದ ಅವರ ಬದುಕಿನ ಬೆನ್ನು ಬಿದ್ದೆ.

ರಿಚರ್ಡ್ ಚಾಲೊನರ್ ಹುಟ್ಟಿದ್ದು 1691ರ ಸೆಪ್ಟೆಂಬರ್ 29ರಂದು, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನಲ್ಲಿ. ತಂದೆ ದ್ರಾಕ್ಷಾರಸದ ಪೀಪಾಯಿ ಮಾಡುವವರು ಮತ್ತು ಕಟ್ಟಾ ಪ್ರೊಟೆಸ್ಟಂಟರು. ಮಗ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ಹೊಟ್ಟೆಪಾಡಿಗಾಗಿ ತಾಯಿ ಸಿರಿವಂತ ಕಥೋಲಿಕ ಮನೆತನಗಳಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಕಡೆಗೆ ನೆಲೆಯಾದದ್ದು ನಾರ್ತಾಂಪ್ಟನ್‌ಶೈರಿನ ವಾರ್ಕ್‌ವರ್ತ್ ಎಂಬಲ್ಲಿನ ಹೋಲ್ಮನ್ ಮನೆತನದ ಆಶ್ರಯದಲ್ಲಿ. ಆ ಮನೆಯಲ್ಲಿ ಗುಟ್ಟಾಗಿ ಪೂಜೆ ನಡೆಸಿಕೊಡುತ್ತಿದ್ದ ಪಾದ್ರಿ ಜಾನ್ ಗಾದರ್ ತಾವೇ ಮತಾಂತರಗೊಂಡವರು, ತಿಳಿಯಾದ ಗದ್ಯಕ್ಕೆ ಹೆಸರಾದ ಲೇಖಕರು. ಮನೆಗೆಲಸದಾಕೆಯ ಮಗನಿಗೆ ಪಾಠ ಹೇಳಿಕೊಟ್ಟವರೂ, ಹದಿಮೂರರ ಆಸುಪಾಸಿನಲ್ಲಿ ಅವನನ್ನು ಕಥೋಲಿಕ ಧರ್ಮಸಭೆಗೆ ಸೇರಿಸಿಕೊಂಡವರೂ ಅವರೇ. ಗಾದರ್ 1704ರಲ್ಲಿ ಲಿಸ್ಬನ್ನಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡರು. ಮರುವರ್ಷ ಹುಡುಗ ಕಡಲು ದಾಟಿ ಡುವೆಗೆ ಹೋದ.

ಡುವೆ ಉತ್ತರ ಫ್ರಾನ್ಸಿನ ಊರು. ಇಂಗ್ಲೆಂಡಿನಲ್ಲಿ ಕಥೋಲಿಕ ಗುರುಗಳಿಗೆ ತರಬೇತಿ ಕೊಡುವುದೇ ಅಪರಾಧವಾಗಿದ್ದುದರಿಂದ, ವಿಲಿಯಂ ಅಲೆನ್ ಎಂಬವರು 1568ರಲ್ಲಿ ಅಲ್ಲಿ ಇಂಗ್ಲಿಷ್ ಕಾಲೇಜೊಂದನ್ನು ತೆರೆದಿದ್ದರು. ಅಲ್ಲಿ ಕಲಿತು ತಾಯ್ನಾಡಿಗೆ ಮರಳಿದವರಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ನೇಣಿಗೆ ಏರಿದ್ದರು. ಓದು ಮುಗಿದ ಮೇಲೆ ಇಂಗ್ಲೆಂಡಿಗೆ ಹಿಂದಿರುಗಿ ಸೇವೆ ಸಲ್ಲಿಸುತ್ತೇನೆಂದು ವಿದ್ಯಾರ್ಥಿ ಪ್ರಮಾಣ ಮಾಡಬೇಕಿತ್ತು. ಚಾಲೊನರ್ ಅದನ್ನು 1708ರಲ್ಲಿ ಮಾಡಿದರು. ಆದರೆ ಅವರನ್ನು ಕಾಲೇಜು ಬಿಟ್ಟುಕೊಡಲಿಲ್ಲ. 1716ರಲ್ಲಿ ಗುರುದೀಕ್ಷೆಯಾಯಿತು, ಮೊದಲು ತತ್ತ್ವಶಾಸ್ತ್ರ ಕಲಿಸಿದರು, 1720ರಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರೂ ಉಪಾಧ್ಯಕ್ಷರೂ ಆದರು, 1727ರಲ್ಲಿ ಡಾಕ್ಟರೇಟ್ ಪಡೆದರು. ಹುಡುಗನಾಗಿ ಹೋದವರು ಲಂಡನ್ನಿಗೆ ಮರಳಿ ಬಂದದ್ದು ಇಪ್ಪತ್ತೈದು ವರ್ಷಗಳ ಮೇಲೆ, 1730ರಲ್ಲಿ.

ಅವರು ಬಂದಿಳಿದ ದೇಶದಲ್ಲಿ ಕಥೋಲಿಕರ ಸ್ಥಿತಿ ಹೇಗಿತ್ತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೇಣಿನ ಕಾಲ ಮುಗಿದಿತ್ತು, ಕಾನೂನಿನ ಕಾಲ ಮುಗಿದಿರಲಿಲ್ಲ. 1700ರಲ್ಲಿ ಜಾರಿಗೆ ಬಂದಿದ್ದ ಶಾಸನದ ಪ್ರಕಾರ ಬಲಿಪೂಜೆ ಅರ್ಪಿಸಿದ ಪಾದ್ರಿಗೂ ಶಾಲೆ ನಡೆಸಿದ ಕಥೋಲಿಕನಿಗೂ ಜೀವಾವಧಿ ಸೆರೆ. ಪಾದ್ರಿಯನ್ನು ಹಿಡಿದುಕೊಟ್ಟು ಅಪರಾಧ ಸಾಬೀತು ಮಾಡಿಸಿದವನಿಗೆ 100 ಪೌಂಡ್ ಬಹುಮಾನ. ದಿನಗೂಲಿಯವನಿಗೆ ಅದು ಹಲವು ವರ್ಷಗಳ ಸಂಪಾದನೆ. ಎಲ್ಲರ ಕಣ್ಣೆದುರು ಪೂಜೆ ನಡೆಯುತ್ತಿದ್ದುದು ಸಾರ್ಡೀನಿಯಾ, ಬವೇರಿಯಾ, ಪೋರ್ಚುಗಲ್ ಮೊದಲಾದ ದೇಶಗಳ ರಾಯಭಾರಿಗಳ ಪ್ರಾರ್ಥನಾಲಯಗಳಲ್ಲಿ ಮಾತ್ರ, ಏಕೆಂದರೆ ಅಲ್ಲಿಗೆ ಇಂಗ್ಲೆಂಡಿನ ಕಾನೂನು ತಲುಪುತ್ತಿರಲಿಲ್ಲ. ಉಳಿದದ್ದೆಲ್ಲ ಅಟ್ಟ, ಹಿತ್ತಿಲ ಕೋಣೆ, ಕುದುರೆಲಾಯದ ಮೇಲಿನ ಮಹಡಿ ಇಂಥ ಕಡೆಗಳಲ್ಲಿ. ಪಾದ್ರಿಗಳು ಸಾಧಾರಣ ಗೃಹಸ್ಥರ ಕಂದು ಕೋಟು ತೊಟ್ಟು, ಬರಿದೆ 'ಮಿಸ್ಟರ್' ಎನಿಸಿಕೊಂಡು ಓಡಾಡುತ್ತಿದ್ದರು.

ಇಂಥ ನಾಡಿನಲ್ಲಿ ಧರ್ಮಕ್ಷೇತ್ರಗಳೂ ಇರಲಿಲ್ಲ. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಹಳೆಯ ಧರ್ಮಾಧ್ಯಕ್ಷರ ಸಾಲು ಕಡಿದು ಹೋದ ಮೇಲೆ, ರೋಮ್ 1688ರಲ್ಲಿ ಇಂಗ್ಲೆಂಡನ್ನು ನಾಲ್ಕು ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಪೋಪರ ಪ್ರತಿನಿಧಿಯಾಗಿ ಒಬ್ಬ 'ವಿಕಾರ್ ಅಪೊಸ್ತಲಿಕ'ನನ್ನು ನೇಮಿಸಿತ್ತು. ಆತನಿಗೆ ಧರ್ಮಾಧ್ಯಕ್ಷ ದೀಕ್ಷೆ ಆಗಿರುತ್ತದೆ, ಆದರೆ ಹೆಸರಿನ ಮುಂದಿನ ಪೀಠ ಮಾತ್ರ ಎಂದೋ ಅಳಿದ ಯಾವುದೋ ದೂರದೇಶದ್ದು. ನಮ್ಮ ಮೈಸೂರು, ಮಂಗಳೂರುಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ವ್ಯವಸ್ಥೆಯಲ್ಲಿದ್ದು 1886ರಲ್ಲಿ ಪೂರ್ಣ ಧರ್ಮಕ್ಷೇತ್ರಗಳಾದವು. ಇಂಗ್ಲೆಂಡಿಗೆ ಆ ಭಾಗ್ಯ ಬಂದದ್ದು 1850ರಲ್ಲಿ.

ಚಾಲೊನರ್ ಲಂಡನ್ನಿನಲ್ಲಿ ಹತ್ತು ವರ್ಷ ಬಡವರ ನಡುವೆ ಪಾದ್ರಿಯಾಗಿ ದುಡಿದರು. ಆ ಅವಧಿಯಲ್ಲೇ, 1737ರಲ್ಲಿ, ಕಥೋಲಿಕ ಆಚರಣೆಗಳನ್ನು ಪ್ರಶ್ನೋತ್ತರ ರೂಪದಲ್ಲಿ ವಿವರಿಸುವ ಪುಸ್ತಕವೊಂದನ್ನು ಬರೆದು, ಅದರ ಮುನ್ನುಡಿಯಲ್ಲಿ ಕೇಂಬ್ರಿಜ್‌ನ ಪ್ರಸಿದ್ಧ ವಿದ್ವಾಂಸ ಕಾನ್ಯರ್ಸ್ ಮಿಡಲ್‌ಟನ್ ಅವರಿಗೆ ಉತ್ತರ ಕೊಟ್ಟರು. ಕಥೋಲಿಕರ ಪದ್ಧತಿಗಳೆಲ್ಲ ಪ್ರಾಚೀನ ರೋಮಿನ ವಿಗ್ರಹಾರಾಧನೆಯಿಂದ ಬಂದವೆಂದು ಮಿಡಲ್‌ಟನ್ ವಾದಿಸಿದ್ದರು. ಉತ್ತರ ಅವರನ್ನು ಕೆರಳಿಸಿತು, ಕಾನೂನಿನ ಬೆದರಿಕೆ ಬಂತು, ಚಾಲೊನರ್ 1738ರಲ್ಲಿ ಊರು ಬಿಡಬೇಕಾಯಿತು. ಅದೇ ಸಮಯಕ್ಕೆ ಡುವೆ ಕಾಲೇಜಿನ ಅಧ್ಯಕ್ಷ ಸ್ಥಾನ ತೆರವಾಗಿ, ಅಲ್ಲಿನವರು ಇವರೇ ಬೇಕೆಂದು ಹಟ ಹಿಡಿದರು. ಲಂಡನ್ ವಿಭಾಗದ ಮುಖ್ಯಸ್ಥರಾಗಿದ್ದ ಬೆಂಜಮಿನ್ ಪೀಟರ್ ಇವರನ್ನು ಬಿಟ್ಟುಕೊಡಲೊಪ್ಪದೆ, ತಮ್ಮ ಸಹಾಯಕ ಧರ್ಮಾಧ್ಯಕ್ಷರನ್ನಾಗಿ ಇವರನ್ನೇ ಕೊಡಬೇಕೆಂದು ರೋಮಿಗೆ ಬರೆದರು. ರೋಮ್ ಒಪ್ಪಿತು. ಆದರೆ ಪ್ರೊಟೆಸ್ಟಂಟ್ ಮನೆಯಲ್ಲಿ ಹುಟ್ಟಿ ಮತಾಂತರಗೊಂಡವರೆಂಬ ತಾಂತ್ರಿಕ ತೊಡಕು ಬಂದದ್ದರಿಂದ ನೇಮಕದ ಆಜ್ಞಾಪತ್ರವನ್ನು ಎರಡನೆಯ ಬಾರಿ ಹೊರಡಿಸಬೇಕಾಯಿತು. ಕಚೇರಿಯ ಕಾಗದ ಎಲ್ಲ ಕಾಲದಲ್ಲೂ ಕಚೇರಿಯ ಕಾಗದವೇ.

1741ರ ಜನವರಿ 29ರಂದು ಲಂಡನ್ನಿನ ಅಂಚಿನ ಹ್ಯಾಮರ್‌ಸ್ಮಿತ್‌ನಲ್ಲಿ ದೀಕ್ಷೆ ನಡೆಯಿತು. ಹೊರಗಿನವರ ಕಣ್ಣಿಗೆ ಹೆಣ್ಣುಮಕ್ಕಳ ಶಾಲೆಯಾಗಿದ್ದ ಆ ಮನೆ ಒಳಗೆ ಸಂನ್ಯಾಸಿನಿಯರ ಮಠವಾಗಿತ್ತು. ಅಲ್ಲಿನ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ಚಾಲೊನರ್ 'ಡೆಬ್ರಾದ ಧರ್ಮಾಧ್ಯಕ್ಷ'ರಾದರು. ಆ ಡೆಬ್ರಾವನ್ನು ಅವರು ಜೀವಮಾನದಲ್ಲಿ ನೋಡಲಿಲ್ಲ, ನೋಡಬೇಕಾದ ಅಗತ್ಯವೂ ಇರಲಿಲ್ಲ.

ಅವರ ನಿಜವಾದ ಕ್ಷೇತ್ರ ಲಂಡನ್ ಮತ್ತು ಅದರ ಸುತ್ತಲಿನ ಕೌಂಟಿಗಳು ಸೇರಿ ಒಟ್ಟು ಹತ್ತು, ಜೊತೆಗೆ ಚಾನೆಲ್ ದ್ವೀಪಗಳು. ಇಷ್ಟು ಸಾಲದೆಂಬಂತೆ ಅಟ್ಲಾಂಟಿಕ್ ಆಚೆಯ ಅಮೆರಿಕದ ವಸಾಹತುಗಳು ಮತ್ತು ವೆಸ್ಟ್ ಇಂಡೀಸ್ ದ್ವೀಪಗಳೂ ಲಂಡನ್ನಿನ ಹೊಣೆಗೇ ಬಿದ್ದಿದ್ದವು. ಧರ್ಮಾಧ್ಯಕ್ಷರ ಕೈಯಿಂದ ನಡೆಯುವ ದೃಢೀಕರಣ ಸಂಸ್ಕಾರ ಅಮೆರಿಕದ ಕಥೋಲಿಕರಿಗೆ ಹುಟ್ಟಿದಾಗಿನಿಂದ ಸಾಯುವವರೆಗೂ ದೊರೆಯುತ್ತಿರಲಿಲ್ಲ. ಅಲ್ಲಿಗೊಬ್ಬ ಧರ್ಮಾಧ್ಯಕ್ಷರು ಬೇಕೆಂದು ಚಾಲೊನರ್ ರೋಮಿಗೆ ಮತ್ತೆಮತ್ತೆ ಬರೆದರು. ಮೇರಿಲ್ಯಾಂಡಿನ ಕಥೋಲಿಕ ಗೃಹಸ್ಥರೇ ಅದನ್ನು ವಿರೋಧಿಸಿ 1765ರಲ್ಲಿ ಮನವಿ ಕಳುಹಿಸಿದರು. ಧರ್ಮಾಧ್ಯಕ್ಷರು ಬಂದರೆ ಸರ್ಕಾರದ ಕೆಂಗಣ್ಣು ಬೀಳುತ್ತದೆಂಬ ಅಂಜಿಕೆ ಅವರದು. ಆ ಕೆಲಸ ಆಗುವ ಹೊತ್ತಿಗೆ ಅಮೆರಿಕ ಬೇರೆಯೇ ದೇಶವಾಗಿತ್ತು. ಚಾಲೊನರ್ ತೀರಿಕೊಂಡು ಒಂಬತ್ತು ವರ್ಷಗಳ ಮೇಲೆ, 1790ರಲ್ಲಿ, ಜಾನ್ ಕ್ಯಾರಲ್ ಇಂಗ್ಲೆಂಡಿನ ಲಲ್‌ವರ್ತ್‌ನಲ್ಲಿಯೇ ದೀಕ್ಷೆ ಪಡೆದು ಅಲ್ಲಿನ ಮೊದಲ ಧರ್ಮಾಧ್ಯಕ್ಷರಾದರು.

ದೀಕ್ಷೆಯಾದ ಕೂಡಲೇ ಚಾಲೊನರ್ ಕೌಂಟಿಯಿಂದ ಕೌಂಟಿಗೆ ಸುತ್ತಿದರು, ಮನೆಮನೆಗಳಲ್ಲಿ ದೃಢೀಕರಣ ನೀಡಿದರು, ಪ್ರವಚನ ಮಾಡಿದರು. ಲಂಡನ್ನಿನಲ್ಲಿ ಅವರು ಪ್ರವಚನ ಮಾಡುತ್ತಿದ್ದ ಜಾಗಗಳ ಬಗ್ಗೆ ಹೇಳಿಕೊಂಡು ಬಂದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಲಿಂಕನ್ಸ್ ಇನ್ ಫೀಲ್ಡ್ಸ್ ಬಳಿಯ 'ಷಿಪ್' ಎಂಬ ಹೆಂಡದಂಗಡಿಯ ಕೋಣೆಯಲ್ಲಿ ಜನ ಸೇರುತ್ತಿದ್ದರು. ಪ್ರತಿಯೊಬ್ಬರ ಮುಂದೆಯೂ ಒಂದು ಬಿಯರ್ ಮಗ್ಗು, ಬಾಗಿಲಲ್ಲಿ ಕಾವಲಿಗೆ ಒಬ್ಬ ಗಟ್ಟಿಮುಟ್ಟಾದ ಐರಿಷ್ ಆಳು. ಯಾರಾದರೂ ಅಪರಿಚಿತರು ನುಗ್ಗಿದರೆ ಮಗ್ಗು ಎತ್ತಿಕೊಂಡು ಹರಟೆಗೆ ಕುಳಿತವರಂತೆ ಕಂಡರಾಯಿತು. ಧರ್ಮಾಧ್ಯಕ್ಷರ ಮುಂದೆಯೂ ಒಂದು ಮಗ್ಗು ಇರುತ್ತಿತ್ತು. ಆದರೆ ಅದನ್ನು ಅವರು ಮುಟ್ಟುತ್ತಿರಲಿಲ್ಲವೆಂದೇ ನನ್ನ ಊಹೆ. ಮುಂಜಾನೆ ಆರಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತಿದ್ದ, ಗಡಿಯಾರದ ಮುಳ್ಳಿನಂತೆ ದಿನ ಕಳೆಯುತ್ತಿದ್ದ ಮನುಷ್ಯ ಅವರು.

ಅವರ ಉಳಿದ ಆಡಳಿತದ ವಿವರಗಳನ್ನು ಇಲ್ಲಿ ಹರಡುವುದಿಲ್ಲ. ಪೀಟರ್ ಅವರು 1758ರ ಕೊನೆಯಲ್ಲಿ ತೀರಿಕೊಂಡ ಮೇಲೆ ಲಂಡನ್ ವಿಭಾಗದ ಪೂರ್ಣ ಹೊಣೆ ಇವರಿಗೆ ಬಂತು. ಶಾಲೆ ನಡೆಸುವುದು ಜೀವಾವಧಿ ಸೆರೆಯ ಅಪರಾಧವಾಗಿದ್ದ ಕಾಲದಲ್ಲೇ ಹುಡುಗರಿಗೆ ಸೆಜ್ಲಿ ಪಾರ್ಕಿನಲ್ಲೊಂದು, ಓಲ್ಡ್ ಹಾಲ್ ಗ್ರೀನ್‌ನಲ್ಲೊಂದು ಶಾಲೆ ಸ್ಥಾಪಿಸಿದರು. ಜೆಸ್ಯೂಯಿಟ್ ಸಂಘವನ್ನು ಪೋಪರು 1773ರಲ್ಲಿ ವಿಸರ್ಜಿಸಿದಾಗ, ಆ ಆಜ್ಞೆಯನ್ನು ತಮ್ಮ ವಿಭಾಗದ ಜೆಸ್ಯೂಯಿಟರಿಗೆ ಓದಿ ಹೇಳಿ ಅವರ ಸಹಿ ಪಡೆಯುವ ಕಹಿ ಕೆಲಸವೂ ಇವರ ಪಾಲಿಗೇ ಬಂತು.

ನನಗೆ ಮುಖ್ಯವಾದದ್ದು ಅವರ ಬರವಣಿಗೆಯ ಮೇಜು. ಪ್ರಧಾನಾಲಯವಿಲ್ಲದ, ಮೆರವಣಿಗೆಯಿಲ್ಲದ, ಗಂಟೆ ಬಾರಿಸುವಂತಿಲ್ಲದ ಧರ್ಮಸಭೆಯನ್ನು ಒಂದಾಗಿ ಹಿಡಿದಿಡಬಲ್ಲ ವಸ್ತು ಯಾವುದೆಂಬುದನ್ನು ಚಾಲೊನರ್ ತಮ್ಮ ಸಮಕಾಲೀನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಂಡುಕೊಂಡಿದ್ದರು, ಅದು ಜೇಬಿನಲ್ಲಿ ಹಿಡಿಯುವ ಪುಸ್ತಕ. ತಿಂಗಳಿಗೊಮ್ಮೆ ಪಾದ್ರಿಯ ಮುಖ ಕಂಡರೆ ಅದೇ ಪುಣ್ಯವೆಂದುಕೊಂಡಿದ್ದ ರೈತ, ದರ್ಜಿ, ಮನೆಗೆಲಸದ ಹೆಂಗಸು ಇಂಥವರು ಉಳಿದ ದಿನಗಳಲ್ಲಿ ತಾವೇ ಪ್ರಾರ್ಥಿಸಲು, ತಾವೇ ಮನಸ್ಸನ್ನು ಪರೀಕ್ಷಿಸಿಕೊಳ್ಳಲು ಅನುವಾಗುವಂತೆ 1740ರಲ್ಲಿ 'ದಿ ಗಾರ್ಡನ್ ಆಫ್ ದಿ ಸೋಲ್' ಎಂಬ ಪ್ರಾರ್ಥನಾ ಪುಸ್ತಕ ಪ್ರಕಟಿಸಿದರು. ಸಂಸಾರದಲ್ಲಿದ್ದುಕೊಂಡೇ ಭಕ್ತಿಯನ್ನು ಬಯಸುವವರಿಗಾಗಿ ಎಂದು ಅದರ ಮುಖಪುಟವೇ ಹೇಳುತ್ತದೆ. ಅದರಲ್ಲಿ ಅಬ್ಬರವಿಲ್ಲ, ಕಣ್ಣೀರ ಕೋಡಿಯಿಲ್ಲ. ಒಂದು ಶತಮಾನಕ್ಕೂ ಮೀರಿ ಅದು ಮರುಮುದ್ರಣವಾಗುತ್ತ ಹೋಯಿತು. ಇಂಗ್ಲೆಂಡಿನ ಹಳೆಯ ಬಗೆಯ, ಗಂಭೀರ ಸ್ವಭಾವದ ಕಥೋಲಿಕರನ್ನು ಆ ಪುಸ್ತಕದ ಹೆಸರಿನಿಂದಲೇ ಗುರುತಿಸುವ ರೂಢಿ ಬಂತು.

ಮರುವರ್ಷವೇ, 1741 ಮತ್ತು 42ರಲ್ಲಿ, 1577ರಿಂದ 1684ರವರೆಗೆ ಇಂಗ್ಲೆಂಡಿನಲ್ಲಿ ಧರ್ಮಕ್ಕಾಗಿ ಪ್ರಾಣ ತೆತ್ತ ಪಾದ್ರಿಗಳ ಮತ್ತು ಗೃಹಸ್ಥರ ಚರಿತ್ರೆಯ ಎರಡು ಸಂಪುಟಗಳು ಬಂದವು. ಡುವೆಯ ಕಡತಗಳಿಂದ ಹೆಕ್ಕಿದ ಸಂಗತಿಗಳನ್ನು ಬಣ್ಣ ಹಚ್ಚದೆ ಜೋಡಿಸಿದ ಕೃತಿ ಅದು. ನೇಣುಗಂಬದ ಕಥೆ ಹೇಳುವಾಗ ದನಿ ಏರಿಸದೆ ಇರುವುದು ಸುಲಭದ ಮಾತಲ್ಲ. ಹೊಸ ಸಂಗತಿಗಳನ್ನು ಸೇರಿಸಿದ ಇತಿಹಾಸಕಾರರು ನಂತರ ಅನೇಕರು ಬಂದರೂ, ಆ ಸಂಪುಟಗಳನ್ನು ಪೂರ್ತಿ ಪಕ್ಕಕ್ಕಿಡಲು ಅವರಿಗೆ ಆಗಲಿಲ್ಲ.

ಈಗ ನನ್ನ ಹುಳು ತಿಂದ ಬೈಬಲಿಗೆ ಬರುತ್ತೇನೆ. ಡುವೆ ಕಾಲೇಜಿನ ವಿದ್ವಾಂಸರು ಲ್ಯಾಟಿನಿನಿಂದ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಹೊಸ ಒಡಂಬಡಿಕೆ 1582ರಲ್ಲಿಯೂ ಹಳೆಯ ಒಡಂಬಡಿಕೆ 1609 ಮತ್ತು 1610ರಲ್ಲಿಯೂ ಅಚ್ಚಾಗಿದ್ದವು. ಮೂಲಕ್ಕೆ ಒಂದಿನಿತೂ ಚ್ಯುತಿ ಬರಬಾರದೆಂಬ ನಿಷ್ಠೆಯಿಂದ ಆ ಅನುವಾದಕರು ಲ್ಯಾಟಿನ್ ಪದಗಳಿಗೆ ಇಂಗ್ಲಿಷ್ ಬಾಲ ಅಂಟಿಸಿ ಹಾಗೆಯೇ ಇಟ್ಟುಬಿಟ್ಟಿದ್ದರು. ಕ್ರಿಸ್ತನು ತನ್ನನ್ನು ತಾನೇ ಬರಿದುಮಾಡಿಕೊಂಡನೆಂಬ ಕಡೆ 'ಎಕ್ಸಿನನೈಟೆಡ್' ಎಂಬ ಪದವಿತ್ತು. ಚಾಲೊನರ್ ಅದನ್ನು 'ಎಂಪ್ಟೀಡ್' ಎಂದು ತಿದ್ದಿದರು. ಉಪಕಾರ ಮಾಡುವುದನ್ನೂ ಇದ್ದುದನ್ನು ಹಂಚಿಕೊಳ್ಳುವುದನ್ನೂ ಮರೆಯಬೇಡಿ, ಇಂಥ ಬಲಿಗಳಿಂದಲೇ ದೇವರು ಮೆಚ್ಚುತ್ತಾನೆ ಎಂಬರ್ಥದ, ಹೀಬ್ರಿಯರಿಗೆ ಬರೆದ ಪತ್ರದ ವಾಕ್ಯದಲ್ಲಿ ದೇವರು 'ಪ್ರೊಮೆರಿಟೆಡ್' ಆಗುತ್ತಾನೆಂದು ಹಳೆಯ ಪಾಠ ಹೇಳುತ್ತಿತ್ತು. ಚಾಲೊನರ್ ಅದನ್ನು ದೇವರ ಕೃಪೆ ದೊರೆಯುತ್ತದೆ ಎಂದು ಬಿಡಿಸಿಟ್ಟರು. ಅಡುಗೆಮನೆಯ ಹೆಂಗಸೊಬ್ಬಳು ಗಟ್ಟಿಯಾಗಿ ಓದಿದರೆ ಪಕ್ಕದಲ್ಲಿ ಕುಳಿತವರಿಗೆ ಅರ್ಥವಾಗಬೇಕು ಎಂಬುದು ಅವರ ಒರೆಗಲ್ಲಾಗಿತ್ತೆಂದು ಈ ಬದಲಾವಣೆಗಳನ್ನು ಸಾಲಾಗಿ ನೋಡಿದರೆ ತಿಳಿಯುತ್ತದೆ. ಹಾಗೆಂದು ಎಲ್ಲವನ್ನೂ ಸವರಿ ನಯ ಮಾಡಲಿಲ್ಲ. ಮತ್ತಾಯನ ಪಾಠದ ಕರ್ತನ ಪ್ರಾರ್ಥನೆಯಲ್ಲಿ ರೊಟ್ಟಿಯ ಹಿಂದಿದ್ದ 'ಸೂಪರ್‌ಸಬ್‌ಸ್ಟ್ಯಾನ್ಷಿಯಲ್' ಎಂಬ ಕಗ್ಗಲ್ಲನ್ನು ಹಾಗೆಯೇ ಬಿಟ್ಟರು. ತಿದ್ದುವವನಿಗೆ ಪೆನ್ಸಿಲ್ ಎಲ್ಲಿ ಇಳಿಸಬೇಕೆಂಬುದರಷ್ಟೇ ಎಲ್ಲಿ ಎತ್ತಬೇಕೆಂಬುದೂ ಗೊತ್ತಿರಬೇಕು ಎಂದು ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದುದು ಆ ಪದ ಕಂಡಾಗಲೆಲ್ಲ ನೆನಪಾಗುತ್ತದೆ.

ಹೊಸ ಒಡಂಬಡಿಕೆಯ ಪರಿಷ್ಕರಣ 1749ರಲ್ಲಿ ಬಂತು, 1750ರಲ್ಲಿ ಹಳೆಯ ಒಡಂಬಡಿಕೆ ಸೇರಿತು, 1752ರಲ್ಲಿ ಹೊಸ ಒಡಂಬಡಿಕೆಯನ್ನು ಮತ್ತೆ ತಿದ್ದಿದರು. ಅನೇಕ ಕಡೆ ಅವರ ವಾಕ್ಯಗಳು ಪ್ರೊಟೆಸ್ಟಂಟರ ಕಿಂಗ್ ಜೇಮ್ಸ್ ಪಾಠದ ಹತ್ತಿರಕ್ಕೆ ಹೋಗಿವೆ. ಎಷ್ಟು ಬದಲಾಯಿತೆಂದರೆ, ಇದನ್ನು ಹೆಚ್ಚುಕಡಿಮೆ ಹೊಸ ಅನುವಾದವೆಂದೇ ಎಣಿಸಬೇಕೆಂದು ಮುಂದಿನ ಶತಮಾನದ ಕಾರ್ಡಿನಲ್ ನ್ಯೂಮನ್ ಅಭಿಪ್ರಾಯಪಟ್ಟರು. ಹಳೆಯ ಪಾಠದ ಒರಟು ಸೊಗಸು ಕಳೆದುಹೋಯಿತೆಂದು ಕೊರಗುವವರೂ ಇದ್ದಾರೆ; ಕೆಲವು ಕೀರ್ತನೆಗಳ ಮಟ್ಟಿಗೆ ಆ ಕೊರಗು ನ್ಯಾಯವಾದದ್ದೇ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಇಂಗ್ಲಿಷ್ ಓದಬಲ್ಲ ಕಥೋಲಿಕರ ಮನೆಯಲ್ಲಿ, ಅದು ಡಬ್ಲಿನ್ ಆಗಿರಲಿ ಬಾಸ್ಟನ್ ಆಗಿರಲಿ, ಬಹುಪಾಲು ಕೇಳಿಬರುತ್ತಿದ್ದುದು ಚಾಲೊನರ್ ತಿದ್ದಿದ ವಾಕ್ಯಗಳೇ.

ಇಷ್ಟೆಲ್ಲ ಬರೆದದ್ದು ಬೆನ್ನ ಹಿಂದೆ ಕಾನೂನಿನ ನೆರಳಿದ್ದಾಗಲೇ. 1765ರ ಸುಮಾರಿಗೆ ವಿಲಿಯಂ ಪೇನ್ ಎಂಬ ಬಡಗಿಯೊಬ್ಬ 100 ಪೌಂಡ್ ಬಹುಮಾನದ ಬೆನ್ನು ಹತ್ತಿದ. ಭಕ್ತನಂತೆ ನಟಿಸಿ ಗುಟ್ಟಿನ ಪೂಜೆಗೆ ನುಗ್ಗುವುದು, ಪಾದ್ರಿಯ ಮೇಲೆ ದೂರು ಕೊಡುವುದು ಅವನ ಕಸುಬಾಯಿತು. ಅವನ ಬಲೆಗೆ ಬಿದ್ದ ಜಾನ್ ಬ್ಯಾಪ್ಟಿಸ್ಟ್ ಮಲೋನಿ ಎಂಬ ಪಾದ್ರಿಗೆ 1767ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೆಲವು ವರ್ಷಗಳ ಮೇಲೆ ಅದನ್ನು ಗಡೀಪಾರಿಗೆ ಇಳಿಸಿದರು. ಪೇನ್ ಚಾಲೊನರ್ ಅವರ ಮೇಲೂ ದೂರು ಹೂಡಿದ್ದ. ಸಮನ್ಸುಗಳನ್ನು ಅವನು ನಕಲಿ ಮಾಡಿದ್ದುದು ಬಯಲಿಗೆ ಬಂದು ಆ ಮೊಕದ್ದಮೆಯನ್ನು ಕೈಬಿಡಬೇಕಾಯಿತು.

ಮುಖ್ಯ ನ್ಯಾಯಾಧೀಶರಾಗಿದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ಗೆ ಈ ಹಳೆಯ ಕಾನೂನು ಹಿಡಿಸುತ್ತಿರಲಿಲ್ಲ. ಅದನ್ನು ರದ್ದು ಮಾಡುವ ಅಧಿಕಾರ ಅವರಿಗಿರಲಿಲ್ಲ, ಆದರೆ ಪುರಾವೆ ಕೇಳುವ ಅಧಿಕಾರವಿತ್ತು. ಜೇಮ್ಸ್ ವೆಬ್ ಎಂಬವರ ವಿಚಾರಣೆ 1768ರಲ್ಲಿ ನಡೆದಾಗ ಅವರು ಜ್ಯೂರಿಗೆ ಹೇಳಿದ್ದರ ಸಾರ ಇಷ್ಟು: ಕಾನೂನು ಶಿಕ್ಷಿಸುವುದು ಬಲಿಪೂಜೆ ಅರ್ಪಿಸಿದ ಪಾದ್ರಿಯನ್ನು, ಈತ ಪೂಜಾವಸ್ತ್ರ ತೊಟ್ಟು ಲ್ಯಾಟಿನ್ ಓದಿದ್ದನ್ನು ಸಾಕ್ಷಿ ಕಂಡಿರಬಹುದು, ಆದರೆ ಈತನಿಗೆ ಗುರುದೀಕ್ಷೆ ಆಗಿದೆಯೆಂಬುದಕ್ಕೆ ಪುರಾವೆ ಎಲ್ಲಿ? ದೀಕ್ಷೆ ನಡೆಯುತ್ತಿದ್ದುದು ಕಡಲಾಚೆ, ದಾಖಲೆ ಇರುತ್ತಿದ್ದುದು ಕಡಲಾಚೆಯ ಕಪಾಟಿನಲ್ಲಿ. ಅಲ್ಲಿಗೆ ಬಡಗಿಯ ಕೈ ಹೇಗೆ ತಲುಪೀತು? ವೆಬ್ ಬಿಡುಗಡೆಯಾದರು. ಚಾಲೊನರ್ ಅವರ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಜೇಮ್ಸ್ ಟಾಲ್ಬಟ್ ಅವರನ್ನು 1769ರಲ್ಲೂ 1771ರಲ್ಲೂ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಎಳೆದಾಗಲೂ ಪುರಾವೆಯಿಲ್ಲದೆ ಮೊಕದ್ದಮೆ ಬಿದ್ದುಹೋಯಿತು.

ಕಥೋಲಿಕರ ಕೆಲವು ಕಷ್ಟಗಳನ್ನು ನೀಗಿಸುವ ಶಾಸನ ಕಡೆಗೂ 1778ರಲ್ಲಿ ಬಂತು. ಅಮೆರಿಕದ ಯುದ್ಧಕ್ಕೆ ಸೈನಿಕರು ಬೇಕಾಗಿದ್ದುದೂ ಅದಕ್ಕೊಂದು ಕಾರಣ. ಮಾತುಕತೆ ನಡೆಸಿದವರು ಸಿರಿವಂತ ಗೃಹಸ್ಥರು. ಎಂಬತ್ತಾರರ ಚಾಲೊನರ್ ಅವರ ಉತ್ಸಾಹ ಅಷ್ಟಕ್ಕಷ್ಟೇ ಇತ್ತು. ಅವರನ್ನು ಪುಕ್ಕಲರೆಂದು ಆಗಿನ ಕೆಲವರು ಭಾವಿಸಿದರು. ಸದ್ದು ಮಾಡಿದರೆ ಏಟು ಬೀಳುತ್ತದೆಂಬುದನ್ನು ಅರ್ಧ ಶತಮಾನ ನೋಡಿದ್ದ ಮುದುಕರ ಎಚ್ಚರಿಕೆ ಅದೆಂದು ನನಗನ್ನಿಸುತ್ತದೆ. ಎರಡೇ ವರ್ಷಗಳಲ್ಲಿ ಅದು ನಿಜವೂ ಆಯಿತು.

1780ರ ಜೂನ್ 2, ಶುಕ್ರವಾರ. ಲಾರ್ಡ್ ಜಾರ್ಜ್ ಗಾರ್ಡನ್ ಎಂಬ ಸಂಸದನ ಹಿಂದೆ ಸುಮಾರು ಐವತ್ತು ಸಾವಿರ ಜನ, ಟೋಪಿಗೆ ನೀಲಿ ಪಟ್ಟಿ ಸಿಕ್ಕಿಸಿಕೊಂಡು, ಆ ಶಾಸನವನ್ನು ರದ್ದು ಮಾಡಬೇಕೆಂಬ ಮನವಿಯೊಂದಿಗೆ ಸಂಸತ್ತಿಗೆ ಹೊರಟರು. ಅಂದು ರಾತ್ರಿಯೇ ಸಾರ್ಡೀನಿಯಾ ಮತ್ತು ಬವೇರಿಯಾ ರಾಯಭಾರಿಗಳ ಪ್ರಾರ್ಥನಾಲಯಗಳಿಗೆ ದಾಳಿಯಿಟ್ಟು, ಪೀಠ, ಬೆಂಚು, ಪೂಜಾವಸ್ತ್ರಗಳನ್ನು ಬೀದಿಗೆಳೆದು ಸುಟ್ಟರು. ಗಲಭೆ ವಾರವಿಡೀ ಉರಿಯಿತು. ನ್ಯೂಗೇಟ್ ಸೆರೆಮನೆ ಬೆಂಕಿಗೆ ಆಹುತಿಯಾಯಿತು. ಪಾದ್ರಿಗಳಿಗೆ ಪುರಾವೆಯ ಕೊಡೆ ಹಿಡಿದಿದ್ದ ಮ್ಯಾನ್ಸ್‌ಫೀಲ್ಡರ ಮನೆಯೂ ಅವರ ಗ್ರಂಥಭಂಡಾರವೂ ಬೂದಿಯಾದವು. ಹೋಬರ್ನಿನಲ್ಲಿದ್ದ ಲ್ಯಾಂಗ್‌ಡೇಲ್ ಎಂಬ ಕಥೋಲಿಕರ ಸಾರಾಯಿ ಭಟ್ಟಿಗೆ ಬೆಂಕಿ ಬಿದ್ದು, ಬೀದಿಯಲ್ಲಿ ಹರಿದ ಕಚ್ಚಾ ಮದ್ಯ ಕುಡಿದವರು ಅಲ್ಲಲ್ಲೇ ಸತ್ತರು. ಸೈನ್ಯ ಗುಂಡು ಹಾರಿಸಿ ಹತೋಟಿಗೆ ತರುವಷ್ಟರಲ್ಲಿ ಸುಮಾರು ಮುನ್ನೂರು ಜನರ ಪ್ರಾಣ ಹೋಗಿತ್ತು.

ಆಗ ಚಾಲೊನರ್ ಕ್ವೀನ್ ಸ್ಕ್ವೇರ್ ಬಳಿಯ ಗ್ಲೌಸ್ಟರ್ ಸ್ಟ್ರೀಟಿನಲ್ಲಿದ್ದರು. ಎಂಬತ್ತೆಂಟು ವರ್ಷದ ಅವರನ್ನು ಹಾಸಿಗೆಯಿಂದ ಎಬ್ಬಿಸಿ, ವಿಲಿಯಂ ಮಾಹುಡ್ ಎಂಬ ಉಣ್ಣೆಬಟ್ಟೆ ವ್ಯಾಪಾರಿಯ ಫಿಂಚ್ಲಿಯ ಮನೆಗೆ ಸಾಗಿಸಿದರು. ಗುಂಪು ಅವರನ್ನು ಹುಡುಕಿಕೊಂಡು ಬಂದಿತ್ತು, ಸಿಗಲಿಲ್ಲ. ನಗರ ತಣ್ಣಗಾದ ಮೇಲೆ ಹಿಂದಿರುಗಿದರಾದರೂ ಆ ವಾರದ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1781ರ ಜನವರಿ 10ರಂದು ಊಟದ ಮೇಜಿನ ಬಳಿ ಪಾರ್ಶ್ವವಾಯು ಬಡಿಯಿತು, ಎರಡು ದಿನಗಳ ಮೇಲೆ ತೀರಿಕೊಂಡರು. ಬಡವರಿಗೆಂದು ಯಾರೋ ಕೊಟ್ಟಿದ್ದ ಹಣ ಜೇಬಿನಲ್ಲಿತ್ತು. ಅದರತ್ತ ಕೈ ತೋರಿಸಿ ದಾನ ಎಂಬರ್ಥದ ಒಂದು ಪದವನ್ನು ನುಡಿದರೆಂದೂ, ಆಮೇಲೆ ಮಾತು ನಿಂತಿತೆಂದೂ ಹತ್ತಿರವಿದ್ದವರು ಹೇಳಿದರು.

ಅವರನ್ನು ಹೂಳಲು ಲಂಡನ್ನಿನಲ್ಲಿ ಅವರದೇ ಆದ ನೆಲವಿರಲಿಲ್ಲ. ಸ್ನೇಹಿತರಾದ ಬ್ರಯಂಟ್ ಬ್ಯಾರೆಟ್ ಅವರು ಬರ್ಕ್‌ಷೈರಿನ ಮಿಲ್ಟನ್ ಎಂಬ ಹಳ್ಳಿಯ ಆಂಗ್ಲಿಕನ್ ಚರ್ಚಿನಲ್ಲಿದ್ದ ತಮ್ಮ ಮನೆತನದ ಗೋರಿಯಲ್ಲಿ ಜಾಗ ಕೊಟ್ಟರು. 1946ರಲ್ಲಿ ಅಲ್ಲಿಂದ ತೆಗೆದು ವೆಸ್ಟ್‌ಮಿನ್ಸ್ಟರ್‌ನ ಕಥೋಲಿಕ ಪ್ರಧಾನಾಲಯಕ್ಕೆ ತಂದರು. ಮಿಲ್ಟನ್ನಿನ ಚರ್ಚಿನ ದಫ್ತರದಲ್ಲಿ ಮಾತ್ರ 1781ರ ಜನವರಿ 22ರ ನಮೂದು ಉಳಿದಿದೆ. ಪೋಪನ ಕಡೆಯ ಪಾದ್ರಿ, ಲಂಡನ್ ಮತ್ತು ಸಾಲ್ಸ್‌ಬರಿಯ ಹೆಸರಿನ ಮಾತ್ರದ ಧರ್ಮಾಧ್ಯಕ್ಷ ರಿಚರ್ಡ್ ಚಾಲೊನರ್ ಅವರನ್ನು ಹೂಳಲಾಯಿತೆಂದು ಬರೆದ ಪ್ರೊಟೆಸ್ಟಂಟ್ ಗುರುಗಳು, ಅವರು ಬಹಳ ಭಕ್ತರೂ ಒಳ್ಳೆಯವರೂ ದೊಡ್ಡ ವಿದ್ವಾಂಸರೂ ಸಮರ್ಥರೂ ಆಗಿದ್ದರೆಂದು ಅದೇ ಸಾಲಿನಲ್ಲಿ ಸೇರಿಸಿದ್ದಾರೆ. ಹೆಸರಿನ ಪೀಠ ಡೆಬ್ರಾ ಎಂದಿರಬೇಕಿತ್ತು, ಸಾಲ್ಸ್‌ಬರಿ ಎಲ್ಲಿಂದ ಬಂತೋ ತಿಳಿಯದು. ಮೊದಲ ಸಲ ಓದಿದಾಗ ನನ್ನ ಕೈ ರೂಢಿಯಂತೆ ಪೆನ್ಸಿಲಿನ ಕಡೆಗೆ ಹೋಯಿತು. ಆಮೇಲೆ ಹಾಗೆಯೇ ಬಿಟ್ಟೆ.